ಹೃದಯ ಕವಾಟದ ಹೊಲಿಗೆ: ಕೈಗಂಟೋ, ಟೈಟಾನಿಯಂ ಕ್ಲಿಪ್ಪೋ?

ನಮ್ಮ ಸಂಘ-ಸಂಸ್ಥೆಗಳ ವೈದ್ಯಕೀಯ ನೆರವಿಗೆ ಬರುವ ಅರ್ಜಿಗಳಲ್ಲಿ ಹೃದಯ ಕವಾಟದ ಶಸ್ತ್ರಚಿಕಿತ್ಸೆಯವೂ ಇರುತ್ತವೆ. ಚಿಕ್ಕ ಗಾಯದ ಶಸ್ತ್ರಚಿಕಿತ್ಸೆಯಾದರೆ ಆಸ್ಪತ್ರೆಯ ಅಂದಾಜು ಪಟ್ಟಿಯಲ್ಲಿ ಕೆಲವೊಮ್ಮೆ 'ಸೂಚರ್ ಫಾಸ್ಟನರ್' ಎಂಬ ಬಾಬ್ತು ಕಾಣಿಸುತ್ತದೆ. ಇದೇನು, ಇದು ಅಗತ್ಯವೇ ಎಂದು ಮನೆಯವರು ಕೇಳುವುದು ಸಹಜ.

ನಮ್ಮ ದೇಶದಲ್ಲಿ ಕವಾಟ ಕೆಡಲು ಬಾಲ್ಯದಲ್ಲಿ ಬರುವ ರುಮ್ಯಾಟಿಕ್ ಜ್ವರವೂ ಒಂದು ಮುಖ್ಯ ಕಾರಣ. ಕೆಟ್ಟ ಕವಾಟ ತೆಗೆದು ಕೃತಕ ಕವಾಟ ಕೂರಿಸುವಾಗ ಅದರ ಸುತ್ತ ಹತ್ತು ಹನ್ನೆರಡಕ್ಕೂ ಮಿಕ್ಕಿ ಹೊಲಿಗೆ ಹಾಕುತ್ತಾರೆ. ಪ್ರತಿ ಹೊಲಿಗೆಗೂ ಒಂದರ ಮೇಲೊಂದು ಹಲವು ಗಂಟು. ಗಂಟು ಸಡಿಲವಾದರೆ ಕವಾಟದ ಪಕ್ಕದಿಂದ ರಕ್ತ ಸೋರುತ್ತದೆ. ಅತಿಯಾಗಿ ಬಿಗಿದರೆ ಅಂಗಾಂಶ ಹರಿಯಬಹುದು. ಮಲ್ಲಿಗೆ ಕಟ್ಟುವವರಿಗೆ ಈ ಹದ ಚೆನ್ನಾಗಿ ಗೊತ್ತು.

ಎದೆಮೂಳೆ ಸೀಳಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರ ಬೆರಳು ಕವಾಟದವರೆಗೆ ತಲುಪುತ್ತದೆ. ಪಕ್ಕೆಲುಬುಗಳ ನಡುವಿನ ಕೆಲವೇ ಸೆಂಟಿಮೀಟರ್ ಗಾಯದ ಮೂಲಕ ಮಾಡುವಾಗ ಬೆರಳು ತಲುಪುವುದಿಲ್ಲ. ಆಗ ಎರಡು ದಾರಿ. ಹೊರಗೆ ಗಂಟು ಹಾಕಿ, 'ನಾಟ್ ಪುಶರ್' ಎಂಬ ಉದ್ದನೆಯ ಕೋಲಿನಿಂದ ಒಂದೊಂದನ್ನೇ ಒಳಗೆ ತಳ್ಳಿ ಬಿಗಿಯುವುದು ಹಳೆಯ ದಾರಿ. ಅಮೆರಿಕದ ಎಲ್‌ಎಸ್‌ಐ ಸೊಲ್ಯೂಷನ್ಸ್ ಕಂಪನಿಯ 'ಕಾರ್-ನಾಟ್'ನಂಥ ಸಾಧನ ಇನ್ನೊಂದು. ಇದರಲ್ಲಿ ದಾರದ ಎರಡೂ ತುದಿಗಳನ್ನು ಪುಟ್ಟ ಟೈಟಾನಿಯಂ ಕೊಳವೆಯೊಳಗೆ ಹಾಯಿಸಿ, ಹಿಡಿಯನ್ನು ಅದುಮಿದರೆ ಕೊಳವೆ ದಾರವನ್ನು ಕಚ್ಚಿಕೊಳ್ಳುತ್ತದೆ, ಉಳಿದ ದಾರ ಅಲ್ಲೇ ಕತ್ತರಿಸಿ ಹೋಗುತ್ತದೆ. ಗಂಟಿನ ಮಾತೇ ಇಲ್ಲ.

ಇದರ ದೊಡ್ಡ ಲಾಭ ಸಮಯ. ಹೊಲಿಗೆ ಮುಗಿಯುವವರೆಗೆ ಹೃದಯ ನಿಂತಿರುತ್ತದೆ. ಹೃದಯ-ಶ್ವಾಸಕೋಶ ಯಂತ್ರವೇ ದೇಹಕ್ಕೆ ರಕ್ತ ಹರಿಸುತ್ತದೆ. ಈ ಅವಧಿ ಕಡಿಮೆಯಾದಷ್ಟೂ ಒಳ್ಳೆಯದು. ಕ್ಲಿಪ್ ಬಳಸಿದಾಗ ಅದು ಕಡಿಮೆಯಾಗುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಎಲ್ಲ ಹೊಲಿಗೆಗಳ ಬಿಗಿಯೂ ಹೆಚ್ಚುಕಮ್ಮಿ ಒಂದೇ ಸಮನಾಗಿರುತ್ತದೆ.

ಆದರೆ ಖರ್ಚು ಹೆಚ್ಚು. ಲೋಹದ ಕ್ಲಿಪ್ ದಾರದ ಗಂಟಿಗಿಂತ ಗಡುಸು; ತಪ್ಪು ದಿಕ್ಕಿಗೆ ತಿರುಗಿ ಕೂತರೆ ಕವಾಟದ ಎಸಳಿಗೆ ತಾಗಿ ತೂತಾದ ಅಪರೂಪದ ಪ್ರಕರಣಗಳೂ ವರದಿಯಾಗಿವೆ. ಇತ್ತ ಕೈಗಂಟಿಗೆ ದೀರ್ಘ ಕಾಲದ ಅನುಭವದ ಬೆಂಬಲವಿದೆ. ಅಮೆರಿಕದ ಡಾ. ಆಲ್ಬರ್ಟ್ ಸ್ಟಾರ್ 1960ರಲ್ಲಿ ಕೃತಕ ಮೈಟ್ರಲ್ ಕವಾಟ ಕೂರಿಸಿದ್ದು, 1990ರಲ್ಲಿ ತಿರುವನಂತಪುರದಲ್ಲಿ ನಮ್ಮದೇ ಚಿತ್ರಾ ಕವಾಟವನ್ನು ಮೊದಲ ಬಾರಿ ಅಳವಡಿಸಿದ್ದು, ಎರಡೂ ಈ ಕ್ಲಿಪ್ಪುಗಳು ಬರುವುದಕ್ಕೂ ಮುಂಚೆ.

ಆದ್ದರಿಂದ ಪಟ್ಟಿಯಲ್ಲಿ ಈ ಬಾಬ್ತು ಇಲ್ಲವೆಂದು ಹೆದರಬೇಕಿಲ್ಲ, ಇದೆಯೆಂದು ಅನುಮಾನಿಸಲೂ ಬೇಕಿಲ್ಲ. ಪಳಗಿದ ಕೈಯೇ ಮುಖ್ಯ. ನಿಮ್ಮ ವೈದ್ಯರು ಯಾವ ವಿಧಾನದಲ್ಲಿ ಪಳಗಿದ್ದಾರೆ, ಕ್ಲಿಪ್ಪಿನ ಹಣ ವಿಮೆಯಿಂದ ಸಿಗುತ್ತದೆಯೇ ಎಂದು ಮೊದಲೇ ಕೇಳಿ, ಅಂದಾಜನ್ನು ಬರಹದಲ್ಲಿ ಪಡೆಯಿರಿ. ಮನೆಗೆ ಬಂದ ಮೇಲೆ ಏದುಸಿರು, ಕಂದುಬಣ್ಣದ ಮೂತ್ರ ಅಥವಾ ಜ್ವರ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನೆರವು ನೀಡುವ ಸಂಘಗಳೂ ಅರ್ಜಿದಾರರಿಗೆ ಈ ಮಾತುಗಳನ್ನು ತಿಳಿಸಿದರೆ, ಕೊಡುವ ಹಣದಷ್ಟೇ ಅದೂ ಉಪಕಾರ.