ವಾಸನೆಯಿಲ್ಲದ ವಿಷಕ್ಕೊಂದು ಕಾವಲು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಹದ ಮಾಡುವ ಕಾಲ ಬಂತೆಂದರೆ ಸೊಪ್ಪು ಒಣಗಿಸುವ ಕೋಣೆಯ, ಅಂದರೆ ಬ್ಯಾರನ್ನಿನ, ಒಲೆ ಹಗಲೂ ರಾತ್ರಿ ಉರಿಯಬೇಕು. ಸೌದೆ ತಳ್ಳುವವರು ಪಕ್ಕದಲ್ಲೇ ಮಲಗುತ್ತಾರೆ. ನಮ್ಮ ಎನ್. ಬೇಗೂರಿನಂಥ ಕಾಡಂಚಿನ ಊರುಗಳಲ್ಲಿ ಮಾಗಿಯ ಚಳಿಗೆ ಕೆಂಡವನ್ನು ಒಳಗಿಟ್ಟು ಬಾಗಿಲು ಹಾಕಿಕೊಳ್ಳುವವರೂ ಇದ್ದಾರೆ. ವಿಜ್ಞಾನ ಕಲಿಸುವ ಮೇಷ್ಟ್ರಾಗಿ ನನ್ನನ್ನು ಕಾಡುವ ಭಯ ಕೆಂಡದಿಂದ ಬರುವ ವಿಷಾನಿಲದ್ದು.

ಹೊಗೆ ಕಣ್ಣುರಿಸಿ ಎಬ್ಬಿಸುತ್ತದೆ. ಅಡುಗೆ ಗ್ಯಾಸಿಗೆ ಗಬ್ಬುನಾತ ಬೆರೆಸಿರುವುದರಿಂದ ಸೋರಿದರೆ ಮೂಗಿಗೆ ತಿಳಿಯುತ್ತದೆ. ಆದರೆ ಕೆಂಡದ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಆಮ್ಲಜನಕ ಸಿಗದೆ ಮಲಗಿದವರು ಏಳದೇ ಹೋಗಬಹುದು.

ಈ ಅನಿಲವನ್ನು ಪತ್ತೆಹಚ್ಚುವ ಒಂದು ದಾರಿ ಲೋಹದ ಆಕ್ಸೈಡ್. 1962ರಲ್ಲಿ ಜಪಾನಿನ ನಾವೊಯೋಶಿ ತಗುಚಿ ತವರದ ಆಕ್ಸೈಡಿನಿಂದ ಅನಿಲ ಸಂವೇದಕ ಮಾಡಿದರು. ಬಿಸಿಯಾದ ಆಕ್ಸೈಡಿನ ಮೈಗೆ ಗಾಳಿಯ ಆಮ್ಲಜನಕ ಅಂಟಿ ಅದರ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ವಿದ್ಯುತ್ ಹರಿಯುವುದು ಕಷ್ಟವಾಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಬಂದು ಆ ಆಮ್ಲಜನಕದೊಡನೆ ಕೂಡಿ ಹೋದಾಗ ಎಲೆಕ್ಟ್ರಾನುಗಳು ಮರಳುತ್ತವೆ, ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಆ ಏರಿಕೆಯೇ ಅಲಾರಂ ಬಾರಿಸುತ್ತದೆ.

ಕೆಲಸವೆಲ್ಲ ನಡೆಯುವುದು ಮೇಲ್ಮೈಯಲ್ಲಿ. ಹಾಗಾಗಿ ಕಣ ಚಿಕ್ಕದಾದಷ್ಟೂ ಸಂವೇದಕ ಚುರುಕು. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ನ್ಯಾನೊಮೀಟರ್; ಕಣ ಕೆಲವೇ ನ್ಯಾನೊಮೀಟರಿಗೆ ಇಳಿದರೆ ಇಡೀ ಕಣವೇ ಅನಿಲಕ್ಕೆ ಸ್ಪಂದಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ನವಕಾಂತ ಭಟ್ಟರ ತಂಡ ಸೂಕ್ಷ್ಮ ಪಾಲಿಸ್ಟೈರೀನ್ ಮಣಿಗಳನ್ನು ಒತ್ತೊತ್ತಾಗಿ ಜೋಡಿಸಿ, ಸಂದುಗಳಲ್ಲಿ ಸತುವಿನ ಆಕ್ಸೈಡ್ ಕೂರಿಸಿ, ಆಮೇಲೆ ಮಣಿಗಳನ್ನು ತೆಗೆದುಹಾಕಿತು. ಉಳಿದದ್ದು ಜೇನಿನ ಎರಿಯಂಥ ರಚನೆ. ಗಾಳಿಯ 100 ಕೋಟಿ ಪಾಲಿನಲ್ಲಿ ಕಾರ್ಬನ್ ಮೊನಾಕ್ಸೈಡ್ 500 ಪಾಲಿನಷ್ಟು ಹೆಚ್ಚುಕಡಿಮೆಯಾದರೂ ಅದು ಗುರುತಿಸಿತು. ಜೈವಿಕ ಮತ್ತು ಅನಿಲ ಸಂವೇದಕಗಳ ಕೆಲಸಕ್ಕಾಗಿ ಭಟ್ಟರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಬಂತು.

ತೊಡಕೂ ಇದೆ. ಆಕ್ಸೈಡಿಗೆ ಅನಿಲದ ಹೆಸರು ತಿಳಿಯದು. ಮದ್ಯಸಾರದ ಆವಿಗೂ ಅದು ಸ್ಪಂದಿಸುತ್ತದೆ, ಮಳೆಗಾಲದ ತೇವ ಅಳತೆ ಕೆಡಿಸುತ್ತದೆ. ಹಾಗಾಗಿ ಅಡುಗೆ ಗ್ಯಾಸಿನ ಅಲಾರಂ ನಂಬಿ ಕೆಂಡದ ಪಕ್ಕ ಮಲಗಬಾರದು. ಕಾರ್ಬನ್ ಮೊನಾಕ್ಸೈಡಿಗೆಂದೇ ಮಾಡಿದ ಅಲಾರಂ ಬೇಕು.

ತಂಬಾಕು ಮಂಡಳಿಯ ಲೈಸೆನ್ಸಿನ ಜೊತೆಗೆ ಪ್ರತಿ ಬ್ಯಾರನ್ನಿಗೂ ಇಂಥದೊಂದು ಅಲಾರಂ ಸಿಗಲಿ ಎಂಬುದು ನನ್ನ ಆಸೆ. ಅದು ಬಂದರೂ ಬರದಿದ್ದರೂ ಕೆಂಡವನ್ನು ಹೊರಗಿಡಿ, ಕಿಟಕಿ ತೆರೆದಿಡಿ.