ಟಾಕ್ಸಿನ್: ವಿಷವಲ್ಲ, ಗಂಟೆ

'ಟಾಕ್ಸಿನ್' ಎಂದೊಡನೆ ನಿಮಗೆ ಜೀವಶಾಸ್ತ್ರದ ಪಾಠದ ವಿಷ ನೆನಪಾಗಬಹುದು. ಬಾಣಕ್ಕೆ ಸವರುವ ನಂಜನ್ನು ಹೇಳುವ ಗ್ರೀಕ್ ಮಾತು ಅದರ ಮೂಲ. ಆದರೆ ಇಂಗ್ಲಿಷಿನಲ್ಲಿ ಇದೇ ಉಚ್ಚಾರದ, ಬೇರೆ ಕಾಗುಣಿತದ ಇನ್ನೊಂದು ಹಳೆಯ ಪದವಿದೆ. ಅದರ ಅರ್ಥ ಅಪಾಯದ ಗಂಟೆ. ಫ್ರೆಂಚಿನ ಮೂಲಕ ಬಂದ ಈ ಪದದ ಬೇರು ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ನುಡಿಯಲ್ಲಿದೆ: 'ಬಾರಿಸು', 'ಗಂಟೆ' ಎಂಬೆರಡು ಮಾತುಗಳ ಜೋಡಣೆ.

ಫ್ರಾನ್ಸಿನಲ್ಲಿ ಊರಿಗೆ ಬೆಂಕಿ ಬಿದ್ದರೆ ಚರ್ಚಿನ ಗಂಟೆಯನ್ನು ಬಿಡದೆ ಬಾರಿಸುತ್ತಿದ್ದರು. ಜನ ಓಡಿ ಬರುತ್ತಿದ್ದರು. ಅದೇ ಗಂಟೆ ಬೇರೆ ಕೆಲಸಗಳಿಗೂ ಒದಗಿತು. 1572ರ ಆಗಸ್ಟ್ 24ರಂದು ಪ್ಯಾರಿಸ್ಸಿನಲ್ಲಿ ಪ್ರೊಟೆಸ್ಟೆಂಟರ ಕಗ್ಗೊಲೆಯ ವೇಳೆ ಮೊಳಗಿತು. 1792ರ ಆಗಸ್ಟ್ 10ರಂದು ಅರಸನ ವಿರುದ್ಧ ಜನರನ್ನು ಎಬ್ಬಿಸಿತು. ಮರುತಿಂಗಳು ಕ್ರಾಂತಿಯ ನಾಯಕ ಡಾಂಟನ್, ಇದು ಭಯದ ಗಂಟೆಯಲ್ಲ, ಶತ್ರುಗಳ ಮೇಲೆ ನುಗ್ಗಲು ಕರೆ ಎಂದ. 1914ರ ಆಗಸ್ಟ್ 1ರಂದು ಹೊಲದಲ್ಲಿದ್ದ ರೈತರಿಗೆ ಯುದ್ಧಸನ್ನದ್ಧತೆಯ ಸುದ್ದಿ ಮುಟ್ಟಿಸಿದ್ದೂ ಇದೇ ಗಂಟೆ.

ಈಗ ಲೇಖಕರು ಯಾವುದೇ ಗಂಭೀರ ಎಚ್ಚರಿಕೆಗೂ ಈ ಪದ ಬಳಸುತ್ತಾರೆ. ಗಂಟೆ 'ಬನ್ನಿ' ಎನ್ನುತ್ತದೆ, ಏಕೆಂದು ಹೇಳುವುದಿಲ್ಲ. ನೆರವಿಗೋ, ಕೊಲೆಗೋ? ಕನ್ನಡದಲ್ಲಿ 'ಕೇಳು' ಎಂದರೆ ಕಿವಿಗೊಡು, ಪ್ರಶ್ನಿಸು ಎಂಬ ಎರಡೂ ಅರ್ಥಗಳಿವೆ. ಗಂಟೆ ಮೊಳಗಿದಾಗ ನೀವು ಎರಡನ್ನೂ ಮಾಡಿ.