ಅದೇ ಮನೆಯ ಬಾಗಿಲಿಗೆ ಮತ್ತೊಮ್ಮೆ

ನವಲಗುಂದದ ಎರೆಭೂಮಿಯಲ್ಲಿ ಒಂದು ಮನೆತನದ ಉಪಜೀವನವನ್ನು ವಿಚಾರಿಸುವುದು ಸುಲಭವೆಂದು ತೋರಬಹುದು. ಹೊಲವೆಷ್ಟು, ಎತ್ತುಗಳೆಷ್ಟು, ಸಾಲವೆಷ್ಟು ಎಂದು ಬರೆದುಕೊಂಡರೆ ಕೆಲಸ ಮುಗಿಯಿತು. ಆದರೆ ಅದು ಆ ಒಂದು ವರ್ಷದ ಲೆಕ್ಕ. ಮಳೆ ತಪ್ಪಿದ ವರ್ಷ ಕೇಳಿದರೆ ಆ ಮನೆ ಬಡವರದು. ಹತ್ತಿಗೆ ಬೆಲೆ ಬಂದ ವರ್ಷ ಕೇಳಿದರೆ ಅನುಕೂಲಸ್ಥರದು. ಮನೆತನ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಬೇಕಾದರೆ ಹಲವು ವರ್ಷಗಳ ಬಳಿಕ ಅದೇ ಬಾಗಿಲಿಗೆ ಮತ್ತೆ ಹೋಗಬೇಕು.

ಕನ್ನಡನಾಡಿನಲ್ಲಿ ಹಾಗೆ ಮರಳಿ ಹೋದವರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಪ್ರಮುಖರು. ವಿಯೆನ್ನಾದಲ್ಲಿ ಜನಿಸಿದ ಈ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಕಡೆಯ ಎರಡು ಹಳ್ಳಿಗಳನ್ನು ಅಭ್ಯಸಿಸಿದರು. ಅವರ ಗ್ರಂಥದಲ್ಲಿ ಅವು ವಂಗಲ, ದಲೇನ ಎಂಬ ಹೆಸರಿನಿಂದ ಬರುತ್ತವೆ. ವಂಗಲಕ್ಕೆ ಕಾಲುವೆಯ ನೀರು ಬಂದಿತು, ಕಬ್ಬು ಬೆಳೆಯಿತು, ಕೈಯಲ್ಲಿ ಹಣವಾಡಿತು. ಆದರೂ ಒಡೆಯ-ಆಳುಗಳ ಹಳೆಯ ಕಟ್ಟುಪಾಡು ಹೆಚ್ಚು ಕದಲಲಿಲ್ಲ. ದಲೇನದ ಹೊಲಗಳು ಎತ್ತರದಲ್ಲಿದ್ದುದರಿಂದ ನೀರು ಏರಲಿಲ್ಲ. ಅಲ್ಲಿಯ ಜನರು ನೌಕರಿ, ವ್ಯಾಪಾರಗಳನ್ನರಸಿ ಹೊರಗೆ ಹೊರಟರು. ಹಳೆಯ ಸಂಬಂಧಗಳು ಸಡಿಲಗೊಂಡುದು ಆ ಊರಿನಲ್ಲಿಯೇ ಹೆಚ್ಚು. 1970ರಲ್ಲಿ ಮರಳಿ ಬಂದಾಗ ಅವರು ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರ ಹಿಗ್ಗಿದುದನ್ನು ಕಂಡರು. ಮೊದಲ ಭೇಟಿಯೊಂದರಿಂದಲೇ ಇದು ತಿಳಿಯುತ್ತಿರಲಿಲ್ಲ.

ಧಾರವಾಡ ಜಿಲ್ಲೆಯಲ್ಲಿಯೂ ಇಂತಹ ತುಲನೆಗೆ ಎಡೆಯುಂಟು. ನವಲಗುಂದಕ್ಕೆ ಮಲಪ್ರಭೆಯ ಕಾಲುವೆ ಬಂದಿತು. ಅದರ ಬೆನ್ನಿಗೇ ಅಭಿವೃದ್ಧಿ ಕರದ ಹೊರೆಯೂ ಬಂದಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರ ಚಳವಳಿಯ ಮೇಲೆ ಗೋಲೀಬಾರು ನಡೆದು ರೈತರು ಪ್ರಾಣ ತೆತ್ತರು. ನೀರುಂಡ ಎಕರೆಗಳನ್ನಷ್ಟೇ ಎಣಿಸುವವರಿಗೆ ಈ ಸಂಕಟ ಗೋಚರಿಸದು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಭತ್ತದ ಒಕ್ಕಲುತನ ಬೇರೆ, ಕುಂದಗೋಳದ ಹತ್ತಿ-ಮೆಣಸಿನಕಾಯಿಯ ಹೊಲ ಬೇರೆ. ಒಂದೇ ಪ್ರಶ್ನೆಪಟ್ಟಿ ಎಲ್ಲೆಡೆಗೂ ಸಾಲದು.

ಎರಡನೆಯ ಭೇಟಿಯ ನಿಜವಾದ ಪರೀಕ್ಷೆ ಇನ್ನೊಂದಿದೆ. ಅಣ್ಣತಮ್ಮಂದಿರು ಪಾಲಾಗಿ ಒಂದು ಒಲೆ ಮೂರಾಗಿರಬಹುದು, ಮೂರನ್ನೂ ಕಾಣಬೇಕು. ಹುಬ್ಬಳ್ಳಿಗೆ ದುಡಿಯಲು ಹೋದ ಮಗನು ಕಳುಹಿಸುವ ಹಣವನ್ನು ಲೆಕ್ಕಕ್ಕೆ ಹಿಡಿಯಬೇಕು. ಬಾಗಿಲಿಗೆ ಬೀಗ ಬಿದ್ದಿದ್ದರೆ ಆ ಮನೆಯವರು ಎಲ್ಲಿಗೆ, ಏಕೆ ಹೋದರೆಂದು ನೆರೆಯವರನ್ನು ಕೇಳಬೇಕು. ಅವರು ಸಾಲಕ್ಕೆ ಹೊಲ ಮಾರಿ ಊರು ಬಿಟ್ಟವರಾಗಿರಬಹುದು. ಬೀಗ ಬಿದ್ದ ಮನೆಗಳನ್ನೆಲ್ಲ ಪಟ್ಟಿಯಿಂದ ತೆಗೆದುಹಾಕಿ, ಉಳಿದವರನ್ನಷ್ಟೇ ಎಣಿಸಿದರೆ, ಕೆಟ್ಟ ಊರೂ ಕಾಗದದ ಮೇಲೆ ಉದ್ಧಾರವಾದಂತೆ ಕಾಣುತ್ತದೆ.